ಅಂಗಡಿಯ ಕಂಬಕ್ಕೆ ಕಟ್ಟಿದ ಫ್ರಿಜ್ಜು

ಇಲ್ಲರೀ, ಸುಳ್ಳಲ್ಲ. ಆ ಫ್ರಿಜ್ಜಿನೊಳಗೆ ಹಾಲು ಕಾಯುತ್ತಿತ್ತು ಅಂದರೆ ಕಾಯುತ್ತಿತ್ತು. ನೀವು ಹೀಗೆ ಹುಬ್ಬು ಏರಿಸಿದರೆ ನಾನು ಮುಂದೆ ಹೇಳುವುದೇ ಇಲ್ಲ. ಸಂಜೆ ಇಟ್ಟ ಹಾಲು ಬೆಳಿಗ್ಗೆಗೆ ಮೊಸರು, ಮಧ್ಯಾಹ್ನಕ್ಕೆ ಪನೀರು. ಇನ್ನೊಂದು ದಿನ ಬಿಟ್ಟಿದ್ದರೆ ಪೇಡೆಯಾಗಿ ತಾನೇ ಬಾಗಿಲು ತೆಗೆದುಕೊಂಡು ಹೊರಗೆ ಬರುತ್ತಿತ್ತು. ನಸುಕಿನ ಚಳಿಗೆ ಓಣಿಯ ಬೆಕ್ಕುಗಳೆಲ್ಲ ಅದಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದವು. ಆಯಿತು, ಬೆಕ್ಕಿನದು ನಾನು ಸೇರಿಸಿದ್ದು. ಹಾಲಿನದು ನಿಜ.

ಫ್ರಿಜ್ಜು ವೈಜನಾಥನದು. ನನ್ನ ತಂಗಿಯ ಮಗ, ಘಾಟಬೋರಾಳದವನು. ಮನೆಯಲ್ಲಿ ಎಮ್ಮೆಗಳಿವೆ. ಹಾಲು ಹಿಂಡುವುದು, ಮಾರುವುದು ಅವನ ಹೆಂಡತಿ ಮಾಣಿಕಮ್ಮನ ಕೆಲಸ. ಅವನದು ಹುಮನಾಬಾದಿನ ದನದ ಬಜಾರದಲ್ಲಿ ದಲಾಲಿ. ದಲಾಲಿ ಅಂದ ಕೂಡಲೇ ಮೂಗು ಮುರಿಯಬೇಡಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲಿ ತನ್ನ ಹೆಗಲ ಮೇಲಿನ ದಸ್ತಿಯನ್ನು ಕೈಗಳ ಮೇಲೆ ಹೊದಿಸುತ್ತಾನೆ. ಅದರ ಮರೆಯಲ್ಲಿ ಮೊದಲು ಮಾರುವವನ ಬೆರಳು ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನದು. ಎಷ್ಟು ಬೆರಳು ಹಿಡಿದರೋ ಅದೇ ಬೆಲೆ. ಎರಡೂ ಬೆಲೆ ಗೊತ್ತಿರುವುದು ಅವನೊಬ್ಬನಿಗೇ. ಕಾಗದವಿಲ್ಲ, ಸಹಿಯಿಲ್ಲ. ನಡುವೆ ನಿಂತವನ ಮೇಲೆ ನಂಬಿಕೆ ಇದ್ದರೆ ಬಜಾರ, ಇಲ್ಲದಿದ್ದರೆ ಬರೀ ಸಗಣಿ.

ವೈಜನಾಥನ ಕಣ್ಣು ಎಂಥದ್ದೆಂದರೆ, ಒಮ್ಮೆ ಬಸ್ಸಿನಲ್ಲಿ ನಾರಾಯಣಪುರಕ್ಕೆ ಹೋಗುವಾಗ ಕಿಟಕಿಯಿಂದ ಒಂದು ಎಮ್ಮೆಯ ಬಾಲ ನೋಡಿ, "ಈಕಿ ಮೂರನೇ ಸೂಲು, ಎಡಗಾಲಲೇ ಒದೀತಾಳ" ಎಂದು ಕೂಗಿದ. ಎಮ್ಮೆಯ ಮಾಲೀಕ ಬಸ್ಸಿನ ಹಿಂದೆ ಓಡಿ ಬಂದು, "ನಿಮಗ ಯಾರ ಹೇಳ್ಯಾರ್ರಿ?" ಎಂದು ಕೇಳಿದ. ಎಮ್ಮೆಯೂ ಓಡಿ ಬಂತು ಎನ್ನುತ್ತಾರೆ. ನಾನು ನೋಡಿಲ್ಲ.

ಆ ಬಜಾರದ್ದು ಒಂದು ರೂಢಿ ಇದೆ. ಎಮ್ಮೆ ಹೇಳಿದಷ್ಟು ಹಾಲು ಕೊಡದಿದ್ದರೆ ಕೊಂಡವನು ಅದನ್ನು ಹೊಡೆದುಕೊಂಡು ಹೋಗಿ ಮಾರಿದವನ ಗೂಟಕ್ಕೆ ಕಟ್ಟುತ್ತಾನೆ. ಒಬ್ಬರು ನೋಡಿದರೆ ಸಾಕು, ವ್ಯವಹಾರ ಮುರಿಯಿತು. ಎಮ್ಮೆ ಅವನದು, ದುಡ್ಡು ಇವನದು. ಈ ರೂಢಿಯನ್ನು ದೊಡ್ಡ ದೊಡ್ಡ ಗೌಡರಿಂದಲೂ ನಡೆಸಿಕೊಟ್ಟವನು ವೈಜನಾಥ. ಅದಕ್ಕೇ ಜನ ಕಣ್ಣು ಮುಚ್ಚಿ ಅವನ ದಸ್ತಿಯ ಕೆಳಗೆ ಕೈ ಇಡುತ್ತಿದ್ದರು.

ಹಾಲಿನ ಗಾಡಿ ಊರಿಗೆ ಬರುವುದು ಬೆಳಿಗ್ಗೆ ಮಾತ್ರ. ಸಂಜೆಯ ಹಾಲು ಕೆಡಬಾರದೆಂದು ಮಾಣಿಕಮ್ಮ ಫ್ರಿಜ್ಜು ಕೇಳಿದಳು. ಗಂಡ ಹೆಂಡತಿ ಬಸವಕಲ್ಯಾಣದಲ್ಲಿ ಧರ್ಮೇಂದ್ರನ ಅಂಗಡಿಗೆ ಹೋದರು.

"ಕಾಕಾ, ಝೀರೋ ಬಡ್ಡಿ! ಇವತ್ತ ಒಯ್ರಿ, ತಿಂಗಳಾ ತಿಂಗಳಾ ತುಂಬ್ರಿ," ಎಂದ ಧರ್ಮೇಂದ್ರ.

ವೈಜನಾಥ ದಸ್ತಿ ಹರವಿದ. "ಕೈ ಕೊಡ್ರಿ ಸೇಠ."

"ಇದು ಎಮ್ಮಿ ಅಲ್ರಿ ಕಾಕಾ! ರೇಟ್ ಬರದದ ನೋಡ್ರಿ."

"ಬರದಾವ್ರು ನೀವು. ಬೆರಳ ನಂದು."

ಅಂಗಡಿಯವರೆಲ್ಲ ನಕ್ಕರು. ಮೂಲೆಯ ಮೇಜಿನ ಹಿಂದೆ ಟೈ ಕಟ್ಟಿಕೊಂಡವನೊಬ್ಬ ಕುಳಿತಿದ್ದ. ಅವನೂ ನಕ್ಕ. ನಕ್ಕು ಆಧಾರ್ ಕೇಳಿದ, ಪಾಸ್‌ಬುಕ್ ಕೇಳಿದ, ಫೋನಿಗೆ ಬಂದ ನಂಬರು ಕೇಳಿದ, ಕೊನೆಗೆ ಗಾಜಿನ ಹಲಗೆಯ ಮೇಲೆ ಬೆರಳಿನಿಂದ ಸಹಿ ಮಾಡಿಸಿಕೊಂಡ. ವೈಜನಾಥ ಅವನನ್ನು ಧರ್ಮೇಂದ್ರನ ಗುಮಾಸ್ತ ಎಂದುಕೊಂಡ. ಅವನು ಗುಮಾಸ್ತನಲ್ಲ, ಸಾಲ ಕೊಡುವ ಬೇರೆಯದೇ ಒಂದು ಕಂಪನಿಯ ಮನುಷ್ಯ. ಧರ್ಮೇಂದ್ರನ ದುಡ್ಡು ಆ ದಿನವೇ ಕಂಪನಿಯಿಂದ ಅವನ ಕೈ ಸೇರಿತು. ವೈಜನಾಥ ಇನ್ನು ಮೇಲೆ ತುಂಬಬೇಕಾದದ್ದು ಕಂಪನಿಗೆ. ದನದ ಬಜಾರದಲ್ಲಿ ಹೀಗೆ ಕಣ್ಣಿಗೆ ಕಾಣದ ಮೂರನೆಯವನು ಇರುವುದಿಲ್ಲ. ವೈಜನಾಥನಿಗೆ ತಿಳಿಯುವುದಾದರೂ ಹೇಗೆ?

ಫ್ರಿಜ್ಜು ಬಂತು, ಹಾಲು ಕೆಟ್ಟಿತು. ಮೆಕ್ಯಾನಿಕ್ ಬಂದು ಅದರ ಬೆನ್ನು ತಟ್ಟಿ, ನಿಮ್ಮ ಊರ ಕರೆಂಟೇ ಸರಿ ಇಲ್ಲ ಎಂದು ಚಹಾ ಕುಡಿದು ಹೋದ. ಅದೇ ಕರೆಂಟಿಗೆ ಪಕ್ಕದ ಮನೆಯ ಫ್ರಿಜ್ಜು ಮಂಜು ಕಟ್ಟುತ್ತಿತ್ತು. ಧರ್ಮೇಂದ್ರನಿಗೆ ಫೋನು ಮಾಡಿದರೆ ನಾಳೆ, ನಾಳೆ. ಕಡೆಗೆ ವೈಜನಾಥ ಟೆಂಪೊ ಹಿಡಿದು ಫ್ರಿಜ್ಜನ್ನು ಕಲ್ಯಾಣಕ್ಕೆ ಒಯ್ದ. ಅಂಗಡಿಯ ಮುಂದೆ ಇಳಿಸಿ, ಎಮ್ಮೆಯ ಹಗ್ಗದಿಂದ ಅದನ್ನು ಜಗುಲಿಯ ಕಂಬಕ್ಕೆ ಕಟ್ಟಿಹಾಕಿದ. ಎದುರಿಗೆ ಚಹಾ ಮಾರುವ ಮುನ್ನಿ ಬೀ ನಗುತ್ತಾ ಕೆಟ್ಲು ಕೆಳಗಿಟ್ಟಳು.

"ಏನ್ರಿ ಅಣ್ಣಾ, ಫ್ರಿಜ್ ಓಡಿ ಹೋಗ್ತದೇನು?"

"ನೀವ ನೋಡಿದ್ರಿಲ್ಲ ಬೀ? ನಾ ವಾಪಸ್ ಕೊಟ್ಟೀನಿ."

"ನೋಡಿನ್ರಿ."

ಧರ್ಮೇಂದ್ರ ಹೊರಗೆ ಬಂದು, "ಆಯ್ತ ಕಾಕಾ, ಬಿಟ್ಟು ಹೋಗ್ರಿ," ಎಂದ.

ವೈಜನಾಥ ಹಗುರಾಗಿ ಮನೆಗೆ ಬಂದ. ಕಂತು ಹಿಡಿಯುವ ಖಾತೆಯಿಂದ ಹಣವನ್ನೆಲ್ಲ ತೆಗೆದು ಮಾಣಿಕಮ್ಮನ ಖಾತೆಗೆ ಹಾಕಿದ. ಮಾಲು ಮರಳಿ ಕೊಟ್ಟ ಮೇಲೆ ದುಡ್ಡು ಯಾಕೆ ಹೋಗಬೇಕು? ಫೋನುಗಳು ಬಂದವು. ಒಬ್ಬಳು ಹಿಂದಿಯಲ್ಲಿ ಬೆದರಿಸಿದಳು, ಒಬ್ಬ ಇಂಗ್ಲಿಷಿನಲ್ಲಿ. ಇವನು ಎಲ್ಲರಿಗೂ, "ಮಾಲ ವಾಪಸ್ ಕೊಟ್ಟೀನಿ, ಮುನ್ನಿ ಬೀನ್ನ ಕೇಳು," ಎಂದು ಹೇಳಿ ಇಡುತ್ತಿದ್ದ.

ಮುನ್ನಿ ಬೀಯನ್ನು ಯಾರೂ ಕೇಳಲಿಲ್ಲ. ಬಜಾರದ ದಿನ ಕಂಪನಿಯ ವಸೂಲಿಗಾರರು ಇಬ್ಬರು ಬೈಕಿನ ಮೇಲೆ ಹುಮನಾಬಾದಿಗೆ ಬಂದರು. ವೈಜನಾಥ ಆಗ ಗೋರ್ಟಾದ ರೈತನೊಬ್ಬನ ಕೈ ಹಿಡಿದಿದ್ದ, ದಸ್ತಿಯ ಕೆಳಗೆ ಮಾತು ನಡೆದಿತ್ತು.

"ಇಂವ ಏನ ಮಂದಿ ನಡುವ ನ್ಯಾಯ ಮಾಡ್ತಾನ? ಫ್ರಿಜ್ ತಗೊಂಡು ಸಾಲ ಮುಳಗಸ್ಯಾನ! ಚೋರ ಇದ್ದಾನ, ಚೋರ!"

ಆ ಕೂಗಿಗೆ ಪಕ್ಕದ ಮಾಣಿಕನಗರದ ಗಿಳಿಗಳೆಲ್ಲ ಹಾರಿಹೋದವಂತೆ. ಗಿಳಿ ಹಾಳಾಗಲಿ. ಗೋರ್ಟಾದ ರೈತ ದಸ್ತಿಯ ಕೆಳಗಿನಿಂದ ಮೆಲ್ಲಗೆ ಕೈ ಎಳೆದುಕೊಂಡ. "ಜರಾ ಚಾ ಕುಡದ ಬರ್ತೀನಿ ಅಣ್ಣಾ," ಎಂದ. ಅವನು ಇವತ್ತಿಗೂ ಚಹಾ ಕುಡಿಯುತ್ತಿದ್ದಾನೆ.

ನನ್ನ ಮೊಮ್ಮಗಳು ಮೇಘಾ ಹುಮನಾಬಾದ ಕೋರ್ಟಿನಲ್ಲಿ ವಕೀಲೆ. ಅವಳ ಮುಂದೆ ವೈಜನಾಥನನ್ನು ಕೂರಿಸಿದೆ.

"ಮಾಲ ಕೆಟ್ಟಿದ್ರ ಬದಲಿ ಕೇಳೋದು, ರೊಕ್ಕ ವಾಪಸ್ ಕೇಳೋದು ನಿಮ್ಮ ಹಕ್ಕು ಕಾಕಾ," ಎಂದಳು. "ಆದ್ರ ಬರದು ಕೇಳಬೇಕು. ವಾಪಸ್ ತಗೊಂಡೇವಿ ಅಂತ ಅಂಗಡಿಯವರ ಕಡಿಂದ ರಸೀದಿ ತಗೋಬೇಕು. ಸಾಲದ ಕಂಪನಿಗಿ ಬ್ಯಾರೇನೇ ತಿಳಸಬೇಕು. ಮಾರಿದ್ದು ಬ್ಯಾರೆ ಕರಾರು, ಸಾಲ ಬ್ಯಾರೆ ಕರಾರು."

"ಎಮ್ಮಿ ಕೊಟ್ಟಾವ ಒಬ್ಬ, ರೊಕ್ಕ ಬೇಡಾವ ಇನ್ನೊಬ್ಬ. ಇದು ಯಾವ ಬಜಾರ ಮೇಘಾ?"

"ಇದ ಈಗಿನ ಬಜಾರ ಕಾಕಾ. ಆದ್ರ ಅವ್ರು ಮಂದ್ಯಾಗ ಬಂದು ಹಾಂಗ ಒದರಿದ್ದು ಭಿ ತಪ್ಪದ. ಅದಕ್ಕೂ ದೂರ ಕೊಡಮು."

ಮೊದಲು ಮೂವರೂ ಧರ್ಮೇಂದ್ರನ ಅಂಗಡಿಗೆ ಹೋದೆವು. ಬಿಸಿಲು ಜೋರಿತ್ತು. "ಬರ್ರಿ ಕಾಕಾ, ಕೂಡ್ರಿ," ಎಂದು ಧರ್ಮೇಂದ್ರ ಒಳಗಿನ ಕೋಣೆಯಿಂದ ನೀರು ತಂದುಕೊಟ್ಟ. ಫ್ರಿಜ್ಜಿನ ರಸೀದಿ ಕೇಳಿದರೆ ಹೀಗೆಂದ: "ಯಾವ ಫ್ರಿಜ್ರಿ? ನೀವ ಬಿಟ್ಟು ಹೋದ್ರಿ, ನಾ ವಾಪಸ್ ತಗೊಂಡೇನಿ ಅಂತ ಎಲ್ಲಿ ಅಂದೀನಿ?"

ವೈಜನಾಥ ಲೋಟ ಎತ್ತಿ ಒಂದು ಗುಟುಕು ಕುಡಿದ. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅವನು ಎದ್ದು ಒಳಗಿನ ಕೋಣೆಗೆ ಇಣುಕಿದ. ಅಲ್ಲೊಂದು ಫ್ರಿಜ್ಜು, ಅದರ ಬಾಗಿಲಿನ ಮೇಲೆ ಮಾಣಿಕಮ್ಮನ ಬಳೆ ಗೀರಿದ ಗುರುತು. ಎಮ್ಮೆ ಮರೆಯದವನು ಫ್ರಿಜ್ಜು ಮರೆಯುತ್ತಾನೆಯೇ? ಗ್ಯಾರಂಟಿಯಲ್ಲಿ ಪುಕ್ಕಟೆ ರಿಪೇರಿ ಮಾಡಿಸಿ ಧರ್ಮೇಂದ್ರ ಅದನ್ನೇ ಬಳಸುತ್ತಿದ್ದ.

"ನನ್ನ ಫ್ರಿಜ್ಜಿನ ನೀರ ನನಗ ಕುಡಸ್ಯಾನ ಮಾವ," ಎಂದು ವೈಜನಾಥ ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಲೋಟ ಎತ್ತಿ ಧರ್ಮೇಂದ್ರನ ತಲೆಗೆ ಹೊಡೆಯಬೇಕಿತ್ತು ಎಂದೆ. ಮೇಘಾ ನನ್ನನ್ನು ಗದರಿಸಿದಳು. ಅವಳಿಗೆ ಕಾನೂನು ಗೊತ್ತು, ನನಗೆ ಲೋಟ.

ಗ್ರಾಹಕರ ಆಯೋಗಕ್ಕೆ ದೂರು ಹೋಯಿತು. ಮುನ್ನಿ ಬೀ ಬುರ್ಖಾ ಸರಿಪಡಿಸಿಕೊಂಡು, ತಾನು ಕಂಡದ್ದನ್ನೆಲ್ಲ ಹಗ್ಗದ ಬಣ್ಣದ ಸಮೇತ ಬರೆಸಿಕೊಟ್ಟಳು. ತೀರ್ಪು ನಮ್ಮ ಕಡೆ ಬಂತು. ಧರ್ಮೇಂದ್ರ ಫ್ರಿಜ್ಜಿನ ಹಣ ಕೊಡಬೇಕು, ಸಾಲದ ಲೆಕ್ಕ ಮುಗಿಸಬೇಕು. ಕಂಪನಿ ವೈಜನಾಥನ ಹೆಸರಿನ ಮೇಲಿನ ಬಾಕಿಯ ಕಲೆ ಅಳಿಸಬೇಕು, ಮಾನ ಕಳೆದದ್ದಕ್ಕೆ ಪರಿಹಾರ ಕೊಡಬೇಕು. ಎಲ್ಲವನ್ನೂ ಕೊಟ್ಟರು, ಇಲ್ಲ ಎನ್ನುವುದಿಲ್ಲ.

ಹಾಗಾದರೆ ಗೆದ್ದನಲ್ಲ, ಮತ್ತೇನು ಅಳುವುದು ಎನ್ನುತ್ತೀರಿ. ನೀವು ಹಾಗೆ ಅನ್ನುತ್ತೀರೆಂದು ಗೊತ್ತಿತ್ತು. ವೈಜನಾಥ ತೀರ್ಪಿನ ಝೆರಾಕ್ಸ್ ಮಾಡಿಸಿ ಬಜಾರದಲ್ಲಿ ಒಬ್ಬೊಬ್ಬರಿಗೂ ತೋರಿಸಿದ. "ಹೌದೌದ್ರಿ ಅಣ್ಣಾ, ಛಲೋ ಆಯ್ತು," ಎಂದು ಎಲ್ಲರೂ ಅಂದರು. ಆಮೇಲೆ ಎಮ್ಮೆ ಹಿಡಿದುಕೊಂಡು ಬೇರೆ ದಲಾಲಿಯ ಹತ್ತಿರ ಹೋದರು. ಕಾಗದ ತೋರಿಸಿ ನಂಬಿಸಬೇಕಾದವನ ಹತ್ತಿರ ಯಾರು ಬರುತ್ತಾರೆ? ಆಯೋಗದವರು ಹಣ ಕೊಡಿಸಬಹುದು. ಆ ರೈತ ಎಳೆದುಕೊಂಡ ಕೈಯನ್ನು ಮರಳಿ ಇಡಿಸುವ ಕಲಮು ಯಾವ ಕಾನೂನಿನಲ್ಲೂ ಇಲ್ಲವಂತೆ, ಮೇಘಾಳನ್ನು ಕೇಳಿದ್ದೇನೆ.

ಮೊನ್ನೆ ನನ್ನದೇ ಎಮ್ಮೆ ಮಾರುವುದಿತ್ತು. ಹಟ ಹಿಡಿದು ವೈಜನಾಥನನ್ನೇ ಕರೆದುಕೊಂಡು ಹೋದೆ. ಕೊಳ್ಳಲು ಬಂದವನು ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜಾರ, ನಾವ್ ನಾವೇ ಮಾತಾಡಮು, ನಡುವ ಅವ್ರು ಯಾಕ?" ಎಂದ. ನಾನು ಅವನಿಗೆ ಇಲ್ಲದ ಬೈಗುಳವನ್ನೆಲ್ಲ ಹುಟ್ಟಿಸಿ ಬಯ್ದೆ. ವೈಜನಾಥ ನನ್ನ ತೋಳು ಹಿಡಿದ.

"ಬಿಡು ಮಾವ. ನೀನೇ ಮಾತಾಡು. ನಾ ಎಮ್ಮಿ ಹಿಡ್ಕೊಂಡು ನಿಂದರ್ತೀನಿ."

ಆ ಬಜಾರದಲ್ಲಿ, ಅಷ್ಟು ಜನರ ನಡುವೆ, ಅವನು ಎಮ್ಮೆ ಹಿಡಿದುಕೊಂಡು ನಿಂತ. ಕೂಲಿಯವರು ನಿಲ್ಲುತ್ತಾರಲ್ಲ, ಹಾಗೆ. ನಾನು ಬೆಲೆ ಏನು ಹೇಳಿದೆನೋ ನನಗೇ ನೆನಪಿಲ್ಲ. ಎಮ್ಮೆಯ ಕಣ್ಣಲ್ಲಿ ನೀರಿತ್ತು ಎಂದು ಹೇಳಬೇಕೆಂದಿದ್ದೆ, ಆದರೆ ಇರಲಿಲ್ಲ. ಅದು ಆರಾಮಾಗಿ ಮೆಲುಕು ಹಾಕುತ್ತಿತ್ತು. ವೈಜನಾಥ ಮಾತ್ರ...

"ಮಾವಾರ! ಯಾರ ಸಂಗಟ ಮಾತಾಡಾಕತ್ತೀರಿ ಒಬ್ಬರೇ? ಏಳ್ರಿ ಊಟಕ್ಕ, ರೊಟ್ಟಿ ಆರಾಕತ್ತಾವ!"

ಸೊಸೆ ಪೂನಂ ಕರೆಯುತ್ತಿದ್ದಾಳೆ. ಬಂದೆನವ್ವಾ, ಬಂದೆ.