ಬೀರುವಿನೊಳಗಿನ ಹಳದಿ ಉಪ್ಪು

ಸವಣೂರಿಗೆ ವರ್ಗವಾದ ಆದೇಶ ಬಂದ ದಿನವೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿಬಿಟ್ಟೆ. ದುಡುಕು ನನ್ನ ಹುಟ್ಟುಗುಣ. ಇನ್ನೂ ಮಾತು ಬಾರದ ಮಗಳನ್ನು ಸವಣೂರಿನಲ್ಲಿ ಅತ್ತೆಯ ಬಳಿ ಬಿಟ್ಟು, ಹಿರೇಕೆರೂರು ಕಡೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ವಾರಕ್ಕೊಮ್ಮೆ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದವಳು ನಾನು. ಆದರೆ ಪ್ರಯೋಗಾಲಯದ ಚಾರ್ಜ್ ಇನ್ನೊಬ್ಬರಿಗೆ ಒಪ್ಪಿಸದೆ ಬಿಡುಗಡೆ ಇಲ್ಲ. ಆ ಚಾರ್ಜಿನಲ್ಲಿ ಒಂದು ಬಾಟಲಿ ಯುರೇನಿಯಂ ಉಪ್ಪೂ ಇತ್ತು.

ಯಾರೋ ಹಿಂದಿನವರು ಪ್ರಯೋಗಕ್ಕೆಂದು ತರಿಸಿದ್ದ ಹಳದಿ ಪುಡಿ. ಅದರ ಬಹುಪಾಲು ಕಿರಣ ಗಾಜನ್ನೇ ದಾಟುವುದಿಲ್ಲ. ಪುಡಿ ಮೈಯೊಳಗೆ ಹೋದರೆ ಮಾತ್ರ ಕೆಟ್ಟದ್ದು. ಹಾಗಂತ ಅದು ಸುಮ್ಮನೆ ಕೂರುವ ಪದಾರ್ಥವೂ ಅಲ್ಲ. ತೇವ ಸೇರಿದರೆ ಅದರ ಕಿರಣವೇ ಆ ತೇವವನ್ನು ಒಡೆದು ಚೂರುಚೂರೇ ಅನಿಲ ಮಾಡುತ್ತದೆ. ಅದಕ್ಕೇ ಒಣ ಜಾಗದಲ್ಲಿಡಬೇಕು, ಮೇಣ ಹಾಕಿ ಉಸಿರು ಕಟ್ಟುವಂತೆ ಬಿಗಿಯಬಾರದು. ಎಸೆಯುವಂತಿಲ್ಲ, ಕೊಡುವಂತಿಲ್ಲ. ಮೇಲಿನವರಿಗೆ ಬರೆದರೆ, ಸದ್ಯಕ್ಕೆ ಇದ್ದಲ್ಲೇ ಇರಲಿ ಎಂದರು. ಬಾಟಲಿಯ ಜತೆ ನಾನೂ ಇದ್ದಲ್ಲೇ ಇದ್ದೆ.

ದಸರಾ ಮುಗಿದ ಮೇಲೆ ನನ್ನ ಜಾಗಕ್ಕೆ ಹಾನಗಲ್ಲಿನಿಂದ ಹೊಸ ಲೆಕ್ಚರರ್ ಬಂದರು. ಬೀರು ತೆಗೆದು, ತಡಕಾಡಿ ಬಾಟಲಿಯ ಬುಡಕ್ಕೇ ಕೈ ಹಾಕಿದೆ. ಬೆರಳೆಲ್ಲ ಹಳದಿ.

‘ಅಯ್ಯಯ್ಯ, ಸೋರೇತಲ್ರಿ ಮೇಡಂ!’ ಎಂದು ಅವರು ಬಾಗಿಲಿಗೆ ಹಾರಿದರು.

ಇದೇ ಕೈಯಲ್ಲಿ ಶನಿವಾರ ಕೂಸನ್ನು ಎತ್ತಿಕೊಳ್ಳಬೇಕಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಹಿಂದೆ ನಿಂತಿದ್ದ ಅಟೆಂಡರ್ ಮಾತ್ರ ಮೀಸೆಯಲ್ಲೇ ನಕ್ಕರು. ‘ಏ, ಅರಿಷಿಣರಿ ಅದು. ದಸರಾದಾಗ ಖಂಡೇಪೂಜಿ ದಿನ ಎಲ್ಲಾ ಬಾಟ್ಲಿಗೂ ಹಚ್ಚೇನಿ.’

‘ವಿಷಕ್ಕೂ ಅರಿಷಿಣ ಹಚ್ಚತೀರೇನ್ರಿ? ಬುದ್ಧಿ ಎಲ್ಲಿಟ್ಟಿದ್ರಿ?’ ಎಂದು ರೇಗಿದೆ.

‘ಎಲ್ಲಾರಿಗೂ ಹಚ್ಚಿ ಅದೊಂದನ್ನ ಬಿಟ್ರ ಹೆಂಗ್ರಿ? ಎಲ್ಲಾರಕಿಂತ ಸಿಟ್ಟಿನ ದೇವ್ರು ಅದ ಅಲ್ರಿ.’

ಅವರ ಎಲೆ-ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕಸಿದುಕೊಂಡು, ಒದ್ದೆ ಸುಣ್ಣವನ್ನು ಬೆರಳಿಗೆ ತಿಕ್ಕಿದೆ. ಕೆಂಪಾಯಿತು. ಹಲಗೆಯ ಮೇಲಿದ್ದ ಪುಡಿಗೆ ಹಚ್ಚಿದೆ, ಅದೂ ಕೆಂಪು. ಆ ಉಪ್ಪಾಗಿದ್ದರೆ ಹೀಗೆ ಓಕುಳಿಯಾಗುತ್ತಿರಲಿಲ್ಲ.

‘ನೋಡ್ರಿ, ಬರೇ ಅರಿಷಿಣ!’ ಎಂದೆ.

‘ಅರಿಷಿಣ ಹೌದ್ರಿ,’ ಎಂದರು ಹಾನಗಲ್ಲಿನವರು, ಬಾಗಿಲಲ್ಲೇ ನಿಂತು. ‘ಆದ್ರ ಬಾಟ್ಲಿ ಬಾಟ್ಲಿನ ಅಲ್ರಿ? ನಮ್ಮನ್ಯಾಗೂ ಸಣ್ಣ ಕೂಸೈತಿ. ಕೈ ಮುಗೀತೇನಿ, ಇದರ ಚಾರ್ಜ್ ನಾ ತಗೊಳ್ಳಂಗಿಲ್ಲ.’

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವರು ಬಂದ ದಾರಿಯಲ್ಲೇ ಹೊರಟುಹೋದರು. ನಾನು ಬೀರುವಿಗೆ ಬೀಗ ಹಾಕಿದೆ.

ಶನಿವಾರ ಸವಣೂರಿನ ಮನೆ ಮುಟ್ಟಿದವಳೇ ಹಿತ್ತಲಿಗೆ ಹೋಗಿ ಕೈ ತೊಳೆದೆ, ಮತ್ತೆ ತೊಳೆದೆ. ಬರೇ ಅರಿಶಿನವೆಂದು ಗೊತ್ತಿದ್ದೂ ತೊಳೆದೆ. ಅತ್ತೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು.

‘ನೋಡಲ್ಲೆ, ಯಾರು ಬಂದಾರ? ಅವ್ವ ಅನ್ನು.’

ನಾನು ಕೈ ಚಾಚಿದೆ. ಮಗಳು ನನ್ನನ್ನು ನೋಡಿದಳು. ಮುಖ ತಿರುಗಿಸಿ, ಅತ್ತೆಯ ಕೊರಳು ತಬ್ಬಿ, ಮೊದಲ ಸಲ ಬಾಯಿ ತುಂಬ ಅಂದಳು: ‘ಅವ್ವ.’

ಅತ್ತೆ ಗಾಬರಿಯಾಗಿ ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದರು. ‘ನಾನಲ್ಲ ನನ ಕೂಸ, ಅಲ್ಲಿ ನಿಂತಾಳಲ್ಲ, ಅಕಿ.’