ಅಕ್ಕನ ಕೂಗಿಗೆ ಇಳಿದ ನಿಲ್ದಾಣ

ದೆವ್ವ, ಕನಸು, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ಅವುಗಳ ಪರ ವಾದ ಮಾಡಲು ಇದನ್ನು ಬರೆಯುತ್ತಿಲ್ಲ. ನನಗೆ ಬೇಕಾಗಿರುವುದು ಒಂದು ಸರಿಯಾದ ಉತ್ತರ. ಇಷ್ಟು ವರ್ಷವಾದರೂ ಅದು ಸಿಗದೆ ರೇಗಿಹೋಗಿದೆ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಮ್ಮೂರು ಶಿವನಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನ ಕಾಲೇಜಿನಲ್ಲಿ ಓದುತ್ತ, ಶನಿವಾರ ಊರಿಗೆ ರೈಲಿನಲ್ಲಿ ಬರುತ್ತಿದ್ದೆ. ಬೀರೂರು ದಾಟಿದರೆ ಸಾಕು, ನಿದ್ದೆ. ಶಿವನಿಯಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಎರಡು ಸಲ ಎಚ್ಚರವಾಗದೆ ಹೊಸದುರ್ಗ ರೋಡ್ ನಿಲ್ದಾಣದವರೆಗೆ ಹೋದ ಮೇಲೆ ಅಕ್ಕ ಸ್ಟೇಷನ್ನಿಗೇ ಬಂದು ನಿಲ್ಲತೊಡಗಿದಳು. ಬೋಗಿಯಿಂದ ಬೋಗಿಗೆ ಓಡುತ್ತ, ಬಳೆಗೈಯಿಂದ ಕಿಟಕಿಯ ಸರಳು ಬಡಿಯುತ್ತ, "ಇಳಿಯೋ ಲೇ, ಊರು ಬಂತು, ಎಷ್ಟ್ ಸಲ ಕೂಗ್ಬೇಕು ನಿಂಗೆ" ಎನ್ನುತ್ತಿದ್ದಳು. ಗಾಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನನಗೆ ನಾಚಿಕೆ. ಆದರೂ ಆ ದನಿಗೆ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು.

ಎಂಬತ್ತರ ದಶಕದ ಮೊದಲಲ್ಲಿ, ಕೃಷಿ ಯಂತ್ರಗಳ ಎರಡು ವರ್ಷದ ಕೋರ್ಸಿಗೆಂದು ಪೂರ್ವ ಜರ್ಮನಿಗೆ ಹೋದೆ. ಭಾಷೆ, ಅಡುಗೆ, ಬಟ್ಟೆ ಒಗೆಯುವುದು ಎಲ್ಲವನ್ನೂ ತಡವರಿಸುತ್ತ ಕಲಿತೆ. ಎಲ್ಲಕ್ಕಿಂತ ಕಷ್ಟಪಟ್ಟು ಕಲಿತದ್ದು ಎಚ್ಚರವಾಗಿರುವುದನ್ನು. ಅಲ್ಲಿ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಅಷ್ಟು ದಿನದಲ್ಲಿ ನಾನು ಒಂದು ನಿಲ್ದಾಣವನ್ನೂ ತಪ್ಪಿಸಿಕೊಳ್ಳಲಿಲ್ಲ. ಜಂಬದಿಂದ ಅಕ್ಕನಿಗೂ ಬರೆದಿದ್ದೆ.

ಕೊನೆಯ ಮೌಖಿಕ ಪರೀಕ್ಷೆಯ ದಿನ. ಅದೊಂದು ಮುಗಿದರೆ ತಿಂಗಳೊಳಗೆ ಊರು. ತರಬೇತಿಗಿದ್ದ ಹಳ್ಳಿಯಿಂದ ಬೆಳಿಗ್ಗೆ ರೈಲು ಹತ್ತಿದೆ. ಹೊರಗೆ ಹಿಮ. ಹಿಂದಿನ ದಿನ ಕೊಂಡ ಹಸಿರು ಮಫ್ಲರ್ ಕೊರಳಿಗಿತ್ತು. ನಿದ್ದೆ ಮಾಡುತ್ತಿರಲಿಲ್ಲ; ಪುಸ್ತಕ ಬಿಡಿಸಿಕೊಂಡು ಗೇರ್‌ಬಾಕ್ಸಿನ ಚಿತ್ರ ನೋಡುತ್ತಿದ್ದೆ. ಎಂಟೂವರೆಗೆ ಗಾಡಿ ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತು. ಕಿಟಕಿಯ ಗಾಜಿನಾಚೆ ಬಳೆಯ ಸದ್ದು. "ಇಳಿಯೋ ಲೇ, ಊರು ಬಂತು."

ಯೋಚಿಸುವ ಮೊದಲೇ ಚೀಲ ಹಿಡಿದು ಇಳಿದುಬಿಟ್ಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮುದುಕ ಹಿಮ ಗುಡಿಸುತ್ತಿದ್ದ, ಅಷ್ಟೇ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು. ಪುಸ್ತಕ ಸೀಟಿನ ಮೇಲೆಯೇ ಉಳಿಯಿತು. ಮುಂದಿನ ಗಾಡಿ ಹನ್ನೊಂದಕ್ಕೆ. ನಾನು ತಲುಪುವಾಗ ಪರೀಕ್ಷಕರು ಎದ್ದು ಹೋಗಿದ್ದರು. ಇನ್ನೊಂದು ಅವಕಾಶ ಆರು ತಿಂಗಳ ನಂತರವಂತೆ. ಏಕೆ ತಡವಾಯಿತೆಂದು ಕೇಳಿದರೆ ಏನು ಹೇಳಲಿ? ಅಕ್ಕ ಕರೆದಳು ಎನ್ನಲೇ? ನಿದ್ದೆ ಬಂದುಬಿಟ್ಟಿತು ಎಂದೆ. ಮಾಡದ ತಪ್ಪನ್ನು ಒಪ್ಪಿಕೊಂಡೆ.

ನಿನ್ನ ಕೂಗಿನ ಅಭ್ಯಾಸವೇ ನನ್ನನ್ನು ಹಾಳುಮಾಡಿತು ಎಂದು ಅಂದೇ ಸಂಜೆ ಅಕ್ಕನಿಗೆ ಸಿಟ್ಟಿನಿಂದ ಬರೆದೆ. ಅದಕ್ಕೆ ಉತ್ತರ ಬರುವಷ್ಟು ದಿನವಾಗುವ ಮೊದಲೇ ಅವಳ ಕಾಗದ ಬಂತು. ಅದೇ ತಾರೀಖು. ಅವಳಿಗೂ ಸಿಟ್ಟು.

"ಅತ್ತೇನ ಕರ್ಕಂಬರಾಕೆ ಒಂದು ಗಂಟೆ ಗಾಡಿಗೆ ಹೋಗಿದ್ದೆ ಕಣೋ. ನೀನು ಹಸಿರು ಮಫ್ಲರ್ ಸುತ್ಕಂಡು ಕಿಟಕಿ ಹತ್ರ ಮಲಗಿದ್ದೆ. ಎಷ್ಟ್ ಬಡಿದ್ರೂ ಏಳ್ಲಿಲ್ಲ. ಗಾಡಿ ಹೋಗೇಬಿಡ್ತು. ಪೋರ್ಟರ್ ರಂಗಪ್ಪ, 'ಏನಕ್ಕಾ, ತಮ್ಮ ಫಾರಿನ್ನಲ್ಲವ್ನೆ, ಇಲ್ಲಿ ಯಾರ್ನ ಎಬ್ಬಿಸ್ತಿದೀಯ' ಅಂತ ನಗ್ತಾನೆ. ಬಂದೋನು ಇಳೀಬಾರ್ದಾ?"

ಶಿವನಿಯಲ್ಲಿ ಮಧ್ಯಾಹ್ನ ಒಂದು ಗಂಟೆ ಎಂದರೆ ಜರ್ಮನಿಯಲ್ಲಿ ಬೆಳಿಗ್ಗೆ ಎಂಟೂವರೆ. ಮಫ್ಲರಿನ ವಿಷಯ ನಾನು ಯಾರಿಗೂ ಬರೆದಿರಲಿಲ್ಲ.

ಮೂರು ತಿಂಗಳಿಗೆ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ಅಂದೇ ಪರೀಕ್ಷೆ ಮುಗಿಸಿದ್ದರೆ ಎರಡು ತಿಂಗಳಾದರೂ ಅವಳ ಜೊತೆ ಇರುತ್ತಿದ್ದೆ. ನನಗೆ ತಾಳಲಾಗದ್ದು ಇದೇ. ಇಂಥ ಕಥೆಗಳಲ್ಲಿ ದನಿ ಕೇಳಿ ಇಳಿದವನು ಯಾವುದೋ ಅಪಾಯದಿಂದ ಪಾರಾಗುತ್ತಾನೆ. ನಾನು ಬಿಟ್ಟಿಳಿದ ಗಾಡಿಗೆ ಏನೂ ಆಗಲಿಲ್ಲ, ಸರಿಯಾದ ಸಮಯಕ್ಕೆ ತಲುಪಿತು. ನನ್ನ ಪುಸ್ತಕವನ್ನೂ ರೈಲಿನವರು ಜೋಪಾನವಾಗಿ ವಾಪಸು ಕೊಟ್ಟರು. ಹಾಗಾದರೆ ಯಾಕೆ ಕರೆದಳು? ಊರು ಬಂತು ಎಂದ ಆ ಕೂಗೇ ನನ್ನನ್ನು ಊರಿನಿಂದ ದೂರ ಇಟ್ಟಿತಲ್ಲ.

ತರೀಕೆರೆಯಲ್ಲಿ ಮೇಷ್ಟ್ರಾಗಿರುವ ಗೆಳೆಯ, "ಕಾಕತಾಳೀಯ ಕಣೋ, ಬಿಡತ್ಲಾಗೆ" ಎಂದ. ಊರಿಗೆ ಮರಳಿದ ಮೇಲೆ ರಂಗಪ್ಪನನ್ನು ಕೇಳಿದೆ. "ನಾನೂವೆ ಇಣುಕಿ ನೋಡ್ದೆ ಕಣಪ್ಪ. ಯಾರೋ ಮಲ್ಗಿದ್ದ. ಮಖ ಕಾಣ್ಲಿಲ್ಲ" ಎಂದ. ಇಬ್ಬರ ಮಾತೂ ನನಗೆ ಸಾಲದು.

ಈಗಲೂ ಕಡೂರಿನಿಂದ ಆ ಒಂದು ಗಂಟೆ ಗಾಡಿಗೇ ಬರುತ್ತೇನೆ. ಅಜ್ಜಂಪುರ ಬಿಟ್ಟ ಮೇಲೆ, ಬಿಸಿಲಿದ್ದರೂ ಮಫ್ಲರ್ ಸುತ್ತಿಕೊಂಡು ಬೇಕೆಂದೇ ಕಣ್ಣು ಮುಚ್ಚುತ್ತೇನೆ. ನಿದ್ದೆ ಬರುವುದಿಲ್ಲ. ಶಿವನಿಯಲ್ಲಿ ಗಾಡಿ ನಿಲ್ಲುತ್ತದೆ, ಹೊರಡುತ್ತದೆ. ಯಾರೂ ಕಿಟಕಿ ಬಡಿಯುವುದಿಲ್ಲ. ಹೊಸದುರ್ಗ ರೋಡಿನಲ್ಲಿ ಇಳಿದು, ನನ್ನನ್ನೇ ಬೈದುಕೊಳ್ಳುತ್ತ ವಾಪಸು ಬಸ್ಸಿಗೆ ಕಾಯುತ್ತೇನೆ.