ಕತ್ತರಿಯಕ್ಕ ಅಂಟಿಸಿದ ನಲ್ಲಿ

ಅಂಟು ಕುದಿಯುತ್ತಿದೆ. ಒಲೆಯ ಮುಂದೆ ನಿಂತ ಕತ್ತರಿಯಕ್ಕ ಮರದ ಸೌಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಾರೆ. ಕೈ ನಿಂತರೆ ಮೈದಾ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಅಂಟು ಫೋಟೋದ ಕೆಳಗೆ ಕುರುವಿನ ಹಾಗೆ ಎದ್ದು ಕೂರುತ್ತದೆ. ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ.

"ಅಡುಗೆಗೆ ಇಷ್ಟು ಶ್ರದ್ಧೆ ತೋರಿಸಿದ್ರೆ ನಾನು ಇಷ್ಟೊತ್ತಿಗೆ ದಪ್ಪ ಆಗಿರ್ತಿದ್ದೆ," ಎಂದು ಹೊಲಿಗೆ ಯಂತ್ರದ ಹಿಂದಿನಿಂದ ತಂಗಿ ಗೊಣಗುತ್ತಾರೆ.

"ನೀನು ದಪ್ಪ ಆದ್ರೆ ನನ್ನ ಹಾಳೆಗಳನ್ನ ಎಲ್ಲಿಡ್ಲೇ?"

ಮಾತು ತಮಾಷೆಯದಾದರೂ ಸುಳ್ಳಲ್ಲ. ಮನೆಗಿರುವುದು ಎರಡೇ ಕೋಣೆ. ಬಾಗಿಲಷ್ಟು ಎತ್ತರದ ನಲವತ್ತೊಂದು ಹಾಳೆಗಳು ಮಂಚದ ಕೆಳಗೆ, ಬೀರುವಿನ ಹಿಂದೆ, ಬಚ್ಚಲ ಗೋಡೆಗೆ ಒರಗಿ ನಿಂತಿವೆ. ಮನೆಯೊಳಗೆ ಒಡತಿಯರೇ ಅಡ್ಡಡ್ಡ ನಡೆಯಬೇಕು. ಕತ್ತರಿಯಕ್ಕನಿಗೆ ಈಗ ಅರವತ್ಮೂರು. ಈ ಹಾಳೆಗಳ ಮೇಲೆ ಇಪ್ಪತ್ತೊಂಬತ್ತು ವರ್ಷ ಹೋಗಿದೆ.

ಒಂದು ಬೀದಿಗೆ ಹೋಗುತ್ತಾರೆ. ಐದು ಹೆಜ್ಜೆ ನಡೆದು ಒಂದು ಫೋಟೋ, ಮತ್ತೆ ಐದು ಹೆಜ್ಜೆ, ಮತ್ತೊಂದು. ಬಾಗಿಲು, ಮೆಟ್ಟಿಲು, ಚರಂಡಿ, ಹಗ್ಗದ ಮೇಲಿನ ಬಟ್ಟೆ ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಅವನ್ನೆಲ್ಲ ಅಚ್ಚು ಹಾಕಿಸಿ, ಕತ್ತರಿಸಿ, ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಜೋಡಿಸಿ ಅಂಟಿಸುತ್ತಾರೆ. ದೂರದಿಂದ ನೋಡಿದರೆ ಅದು ನಕ್ಷೆ. ಹತ್ತಿರ ಹೋದರೆ ಯಾರದೋ ಕಿಟಕಿಯಲ್ಲಿ ಒಣಗುವ ಚಿಕ್ಕ ಕಾಲುಚೀಲ. ಇದುವರೆಗೆ ಇನ್ನೂರ ಹದಿನಾಲ್ಕು ಬೀದಿ ಮುಗಿದಿವೆ. ಒಂದು ಹಾಳೆಗೆ ಎಂಟು ತಿಂಗಳು ಹಿಡಿಯುತ್ತದೆ.

"ಸರ್ವೆಯವರ ನಕ್ಷೇಲಿ ನಮ್ಮ ಬೀದಿ ಹುಡುಕಿದ್ದೆ. ಬರೀ ಒಂದು ಗೆರೆ. ಗೆರೆ ಒಳಗೆ ಯಾರಾದ್ರೂ ಸಂಸಾರ ಮಾಡ್ತಾರಾ? ಮೈಯೆಲ್ಲ ಉರಿದುಹೋಯ್ತು. ಅವತ್ತು ಶುರು ಮಾಡಿದ್ದು," ಎನ್ನುತ್ತಾರೆ.

ಕತ್ತರಿ ಅವರ ಕೈಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿಗೆ, ಒಂದು ಫೋಟೋ ಸ್ಟುಡಿಯೋದಲ್ಲಿ. ಓದು ಏಳನೆಯ ತರಗತಿಗೇ ನಿಂತಿತ್ತು. ಕುಟುಂಬದ ಗುಂಪು ಚಿತ್ರದಲ್ಲಿ ಇಲ್ಲದವರನ್ನು ಕೂರಿಸುವುದು ಅವರ ಕೆಲಸ. ಮದುವೆಗೆ ಬಾರದೆ ಮುನಿಸಿಕೊಂಡ ಮಾವ, ತೀರಿಹೋದ ಅಜ್ಜಿ, ದೂರದಲ್ಲಿರುವ ಅಣ್ಣ ಹೀಗೆ ಯಾರದೇ ಹಳೆಯ ಫೋಟೋ ತಂದುಕೊಟ್ಟರೂ ಸರಿ, ತಲೆಗೂದಲು ಕೆಡದಂತೆ ಕತ್ತರಿಸಿ, ಖಾಲಿ ಕುರ್ಚಿಯ ಮೇಲೆ ಕೂರಿಸಿಬಿಡುತ್ತಿದ್ದರು. "ಹದಿನೇಳು ವರ್ಷ ಅದೇ ಕೆಲಸ. ನಾನು ಕೂರಿಸಿದ ಮಾವಂದಿರು ಒಬ್ರೂ ಎದ್ದು ಹೋಗಿಲ್ಲ," ಎಂದು ನಗುತ್ತಾರೆ.

ನಗುವ ಹಾಗಿಲ್ಲದ ಸಂಗತಿಗಳೂ ಇವೆ. ಹಾಳೆಗಳನ್ನು ಹೊತ್ತು ಗ್ಯಾಲರಿಗೆ ಹೋದರೆ, ಇದು ನಕ್ಷೆ, ಕಲೆಯಲ್ಲ ಎಂದರು. ಸರ್ವೆ ಕಚೇರಿಗೆ ಹೋದರೆ, ಇದು ಕಲೆ, ನಕ್ಷೆಯಲ್ಲ ಎಂದರು. ಅತ್ತ ಅತ್ತೆಮನೆಯೂ ಇಲ್ಲ, ಇತ್ತ ತವರೂ ಇಲ್ಲ. ಏಳು ವರ್ಷದ ಹಿಂದೆ ನಗರ ಕಚೇರಿಗೆ ಹೊಸ ಕಟ್ಟಡ ಬಂತು. ಅಲ್ಲಿಯ ಸಾಹೇಬರೊಬ್ಬರು ಎರಡು ದಿನಕ್ಕೆಂದು ಹದಿನೇಳನೆಯ ಹಾಳೆಯನ್ನು ಒಯ್ದರು. ಐದು ತಿಂಗಳಾದ ಮೇಲೆ ಮೂಲೆ ಮಡಚಿ ಹಿಂತಿರುಗಿಸಿದರು. ಆ ಹೊತ್ತಿಗೆ ಅದರ ಹನ್ನೆರಡು ಅಡಿಯ ಅಚ್ಚು ಕಚೇರಿಯ ಹಜಾರದ ಗೋಡೆ ಏರಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಚೌಕಟ್ಟು ಹಾಕಿದ ಅಂಗಡಿಯ ಹೆಸರಿದೆ. ಕತ್ತರಿಯಕ್ಕನ ಹೆಸರು ಎಲ್ಲೂ ಇಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎನ್ನುತ್ತಾರೆ. ಇಲ್ಲಿ ಮೊಸರು ಬೇಕು, ಕಡೆದ ಕೈ ಬೇಡ.

ಹೋಗಲಿ, ಹೆಸರು ಹಾಳಾಗಲಿ. ಆ ಚಿತ್ರದಲ್ಲಿ ಮೂವತ್ತೊಂದು ಮನೆಗಳ ಒಂದು ಓಣಿಯಿದೆ. ಓಣಿಗೆ ನೀರಿನ ನಲ್ಲಿಯಿಲ್ಲ. ಹೆಂಗಸರು ಇನ್ನೂರ ಹನ್ನೆರಡು ಹೆಜ್ಜೆ ನಡೆದು ಪಕ್ಕದ ಬೀದಿಯಿಂದ ನೀರು ಹೊರುತ್ತಾರೆ. ನಲ್ಲಿ ಕೊಡಿ ಎಂದು ಮೂರು ಬಾರಿ ಅರ್ಜಿ ಹಾಕಿದರು. ಮೂರಕ್ಕೂ ಒಂದೇ ಉತ್ತರ: "ಸದರಿ ಓಣಿಯಲ್ಲಿ ನಲ್ಲಿ ಇರುವುದು ಕಚೇರಿಯ ಚಿತ್ರದಿಂದ ಕಂಡುಬಂದಿರುತ್ತದೆ. ಅರ್ಜಿ ಮುಕ್ತಾಯಗೊಳಿಸಿದೆ."

ಚಿತ್ರದಲ್ಲಿ ನಲ್ಲಿ ಇರುವುದು ನಿಜ. ನೀರಿನ ಎಂಜಿನಿಯರು ತನ್ನ ಕೋಣೆಯಿಂದ ಹಜಾರದವರೆಗೆ ಬಂದು, ಕತ್ತೆತ್ತಿ ನೋಡಿ, ಬೆರಳು ತೋರಿಸಿ ಹಿಂದಿರುಗುತ್ತಾರೆ. ಕಚೇರಿಯ ಮೆಟ್ಟಿಲಿನಿಂದ ಆ ಓಣಿಗೆ ಆರುನೂರ ನಲವತ್ತು ಹೆಜ್ಜೆ. ಕತ್ತರಿಯಕ್ಕ ಎಣಿಸಿದ್ದಾರೆ. ಏಳು ವರ್ಷದಲ್ಲಿ ಕಚೇರಿಯ ಒಂದೇ ಒಂದು ಕಾಲು ಆ ಆರುನೂರ ನಲವತ್ತನ್ನು ನಡೆದಿಲ್ಲ. ಸಂಬಳ ತಿನ್ನುವ ಕಣ್ಣಿಗೆ ಗೋಡೆಯ ಮೇಲಿನ ಕಾಗದ ಕಾಣುತ್ತದೆ, ಬಿಂದಿಗೆ ಹೊತ್ತು ಬಾಗಿದ ಸೊಂಟ ಕಾಣುವುದಿಲ್ಲ.

ಈ ವಾರ ಅದೇ ಓಣಿಯಲ್ಲಿ ಮತ್ತೆ ಫೋಟೋ ತೆಗೆಯುತ್ತಿದ್ದಾಗ ಇಸ್ತ್ರಿ ಹಾಕುವ ಹೆಂಗಸು ಕತ್ತರಿಯಕ್ಕನ ಸೆರಗು ಹಿಡಿದು ನಿಲ್ಲಿಸುತ್ತಾಳೆ. ಮೂರು ಅರ್ಜಿಗೂ ಮೊದಲ ಹೆಬ್ಬೆಟ್ಟು ಅವಳದು.

"ಅಕ್ಕ, ನೀವು ಒಂದ್ಸಲ ನಮ್ಜೊತೆ ಆಫೀಸಿಗೆ ಬನ್ನಿ. ಚಿತ್ರ ಮಾಡ್ದೋರು ನೀವೇ ಅಲ್ವಾ? ನಲ್ಲೀನ ಆಫೀಸಿನೋರೇ ಸೇರಿಸ್ಕೊಂಡ್ರು ಅಂತ ಹೇಳಿ. ನಿಮ್ಮ ಮಾತು ನಡೀತದೆ."

ಕತ್ತರಿಯಕ್ಕ ಕ್ಯಾಮೆರಾದ ಮುಚ್ಚಳ ಹಾಕುತ್ತಾರೆ. "ಅವರು ಸೇರಿಸಿದ್ದಲ್ಲಮ್ಮ. ನಾನೇ."

"ಏನು ನೀವೇ?"

"ನಲ್ಲಿ ಅಂಟಿಸಿದ್ದು ನಾನೇ. ನಾಲ್ಕನೇ ಬೀದಿ ಫೋಟೋದಿಂದ ಕತ್ತರಿಸಿದ್ದು. ನೀವೆಲ್ಲ ಖಾಲಿ ಬಿಂದಿಗೆ ಹಿಡ್ಕೊಂಡು ಗೋಡೆ ಪಕ್ಕ ನಿಂತಿದ್ರಿ. ಚಿತ್ರದಲ್ಲಿ ಏನೋ ಇಲ್ಲ ಅನ್ನಿಸ್ತು. ಕುರ್ಚಿ ಖಾಲಿ ಕಂಡ್ರೆ ಮಾವನ್ನ ಕೂರಿಸೋ ಕೈ ಇದು. ಕೂರಿಸ್ಬಿಟ್ಟೆ."

ಇಸ್ತ್ರಿಯವಳು ಹಿಡಿದಿದ್ದ ಸೆರಗು ಬಿಡುತ್ತಾಳೆ. ಆಮೇಲೆ ಮೆಲ್ಲಗೆ ಕೇಳುತ್ತಾಳೆ, "ಹಂಗಾದ್ರೆ ಏಳು ವರ್ಷದಿಂದ ನಿಮ್ಮ ನಲ್ಲಿ ನೀರೇ ಕುಡೀತಿದೀವಾ ನಾವು? ರುಚಿ ಚೆನ್ನಾಗಿದೆ ಅಕ್ಕ. ನನ್ನ ಸೊಸೆ ಏಳು ತಿಂಗಳ ಬಸುರೀಲಿ ಬಿಂದಿಗೆ ಹೊತ್ತು ಆ ಕೊನೇ ತಿರುವಲ್ಲಿ ಜಾರಿ ಬಿದ್ಲು. ದೇವರ ದಯ, ಉಳೀತು ಕೂಸು. ಅದೂ ಚಿತ್ರದಲ್ಲಿ ಇದೆಯಾ ನೋಡಿ."

ಕತ್ತರಿಯಕ್ಕನ ಬಳಿ ಒಂದು ಪತ್ರವಿದೆ. ನಾಲ್ಕು ವರ್ಷದ ಹಿಂದೆ, ಅರ್ಜಿ ಏಕೆ ಬಿದ್ದುಹೋಯಿತೆಂದು ತಿಳಿದ ದಿನವೇ ಬರೆದದ್ದು: ಹಜಾರದ ಚಿತ್ರದಲ್ಲಿರುವ ನಲ್ಲಿ ಸುಳ್ಳು, ಅಂಟಿಸಿದವಳು ನಾನು, ಓಣಿಯಲ್ಲಿ ನೀರಿಲ್ಲ. ಅದನ್ನು ಅಂಚೆಗೆ ಹಾಕುವ ಮುನ್ನವೇ ಇನ್ನೊಂದು ಕಾಗದ ಮನೆಗೆ ಬಂತು. ನಗರದ ದಾಖಲೆ ಸಂಗ್ರಹಾಲಯ ಅವರ ಎಲ್ಲ ಹಾಳೆಗಳನ್ನೂ ಕಾಯಂ ಆಗಿ ಇಟ್ಟುಕೊಳ್ಳಲು ಒಪ್ಪಿತ್ತು, ಅವರ ಹೆಸರಿನಲ್ಲೇ. ಒಂದೇ ಷರತ್ತು: ಹಾಳೆಗಳಲ್ಲಿರುವುದೆಲ್ಲ ಕಂಡದ್ದು ಕಂಡ ಹಾಗೆ ಎಂದು ಸಹಿ ಮಾಡಬೇಕು.

ಅವರು ಸಹಿಯನ್ನೂ ಮಾಡಲಿಲ್ಲ, ಪತ್ರವನ್ನೂ ಕಳಿಸಲಿಲ್ಲ. ಒಂದು ನಲ್ಲಿ ಸುಳ್ಳೆಂದರೆ ನಲವತ್ತೊಂದು ಹಾಳೆಯೂ ಸುಳ್ಳು ಎಂದುಬಿಡುತ್ತಾರೆ ಸಂಗ್ರಹಾಲಯದವರು. ಇಷ್ಟು ವರ್ಷ ನಡೆದದ್ದೆಲ್ಲ ನೀರಲ್ಲಿ ಹೋಮ. "ಹೆದರಿಕೆ ಆಯ್ತು," ಎನ್ನುತ್ತಾರೆ, ಸುತ್ತಿಬಳಸದೆ. "ಅವರು ನಡೀಲಿಲ್ಲ ಅಂತ ಬೈತೀನಿ. ನಾನು ನಡ್ದೂ ಬಾಯಿ ಬಿಡ್ಲಿಲ್ಲ. ಯಾರು ಹೆಚ್ಚು ಕೆಟ್ಟೋರು ಹೇಳಿ?"

ಹೆಚ್ಚು ಕೆಟ್ಟವರು ಯಾರೆಂದು ಓದುವವರೇ ತೂಗಲಿ. ಒಬ್ಬರದು ಒಂದು ಅಂಗೈ ಅಗಲದ ತಪ್ಪು. ಇನ್ನೊಬ್ಬರದು ಕಾಲಿದ್ದೂ ಕದಲದ ಕಚೇರಿ, ಕಣ್ಣಿದ್ದೂ ಕಾಣದ ದೊರೆತನ.

ಮರುದಿನ ಬೆಳಗ್ಗೆ ಅಕ್ಕತಂಗಿಯರಿಬ್ಬರೂ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಇಸ್ತ್ರಿಯವಳು, ಕರೆಯದೆಯೇ ಬಂದವಳು. ಕತ್ತರಿಯಕ್ಕ ಮೊದಲ ಲಕೋಟೆಯನ್ನು ಒಳಗೆ ಸರಿಸುತ್ತಾರೆ. ಅದರ ಮೇಲೆ ನೀರಿನ ಎಂಜಿನಿಯರ ವಿಳಾಸ.

"ಒಳಗೇನಿದೆ?" ಗುಮಾಸ್ತ ಕೇಳುತ್ತಾನೆ.

"ಒಂದು ಪತ್ರ, ಒಂದು ಫೋಟೋ."

"ಯಾರ ಫೋಟೋ?"

"ಗೋಡೇದು. ಬರೀ ಗೋಡೆ."

ಗುಮಾಸ್ತ ವಿಚಿತ್ರವಾಗಿ ನೋಡಿ ಮುದ್ರೆ ಒತ್ತುತ್ತಾನೆ. ಕತ್ತರಿಯಕ್ಕ ಚೀಲದಿಂದ ಎರಡನೆಯ ಲಕೋಟೆ ತೆಗೆಯುತ್ತಾರೆ. ಅದೇ ಪತ್ರದ ಪ್ರತಿ, ಸಂಗ್ರಹಾಲಯದ ವಿಳಾಸಕ್ಕೆ. ತಂಗಿ ಅವರ ಮಣಿಕಟ್ಟು ಹಿಡಿಯುತ್ತಾರೆ.

"ಅಕ್ಕ, ನೀರಿಗೆ ಒಂದು ಸಾಕಲ್ವಾ? ಇದು ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ ಕಣೇ," ಎಂದು ಕೈ ಬಿಡಿಸಿಕೊಳ್ಳುತ್ತಾರೆ ಕತ್ತರಿಯಕ್ಕ. "ಕೇಳೋವರೆಗೂ ಕಾದಿದ್ದೇ ತಪ್ಪಾಗಿದ್ದು."

ಲಕೋಟೆ ಕಿಟಕಿಯ ಆಚೆಗೆ ಸರಿಯುತ್ತದೆ. ಎರಡನೆಯ ಮುದ್ರೆ ಬೀಳುತ್ತದೆ.